ಗೋಡೆ ದಾಟಿದ ತಂತಿ

“ಟಿ.ವಿ. ಮ್ಯಾಲಿನ ಚಾದರ ತೆಗೀಬ್ಯಾಡ್ರಿ ಅಕ್ಕಾರ,” ಎಂದಳು ಗೌಹರಬೇಗಂ. “ಅತ್ತಿ ತೀರಿಹೋಗ್ಯಾರ. ನಲವತ್ತನೇ ದಿನದ ಚಾಳೀಸವಾಂ ಫಾತಿಹಾ ಆಗೋತನಕ ನಮ್ಮ ಮನ್ಯಾಗ ಟಿ.ವಿ. ಹಚ್ಚಂಗಿಲ್ಲ.”

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಚಾದರದ ಮೇಲೆ ಧೂಳು ಕೂತಿತ್ತು. ಟಿ.ವಿ.ಯ ವೈರನ್ನು ಸ್ವಿಚ್ಚಿನಿಂದ ಕಿತ್ತು, ಸುತ್ತಿ, ಮೊಳೆಗೆ ನೇತುಹಾಕಿದ್ದರು. ಅತ್ತೆ ತೀರಿಕೊಂಡದ್ದು ದಾಳಿ ಶುರುವಾಗುವುದಕ್ಕಿಂತ ಮುಂಚೆ. ಅಂದರೆ ನಾನು ಹುಡುಕಿಕೊಂಡು ಬಂದ ವಸ್ತು ಇಲ್ಲಿಲ್ಲ.

ರಂಗಂಪೇಟೆಯ ಈ ಮನೆಯ ಯಜಮಾನ ಮನ್ಸೂರಅಲಿಯನ್ನು ಪೊಲೀಸರು ಕರೆದೊಯ್ದು ವಾರವಾಗಿತ್ತು. ಶಹಾಪುರದ ಸಂಜೀವ ಡಯಾಲಿಸಿಸ್ ಕೇಂದ್ರದ ವೆಬ್‌ಸೈಟಿಗೆ ಈ ಮನೆಯ ಇಂಟರ್‌ನೆಟ್ಟಿನಿಂದ ದಾಳಿ ನಡೆಯಿತು, ರೋಗಿಗಳು ಕಾಯ್ದಿರಿಸುವ ಪಾಳಿಗಳೆಲ್ಲ ಹುಸಿ ಹೆಸರುಗಳಿಂದ ತುಂಬಿಹೋದವು, ಪಾಳಿ ಸಿಗದೆ ಒಬ್ಬ ಮನುಷ್ಯ ಸತ್ತ ಎಂಬುದು ಆರೋಪ. ಮನ್ಸೂರಅಲಿ ಅದೇ ಕೇಂದ್ರದಲ್ಲಿ ಯಂತ್ರಗಳ ಉಸ್ತುವಾರಿ ನೋಡುತ್ತಿದ್ದು, ಮೇಲಿನವರೊಂದಿಗೆ ಜಗಳವಾಡಿ ಕೆಲಸ ಕಳೆದುಕೊಂಡವನು. ಪೊಲೀಸರು ಸೇಡು ಎಂದು ಬರೆದು ಕೈ ತೊಳೆದುಕೊಂಡರು.

ನನ್ನ ಹೆಸರು ದಾನೇಶ್ವರಿ. ಶಹಾಪುರದ ಬಸ್ ನಿಲ್ದಾಣದೆದುರು ಮಹಡಿಯ ಮೇಲೆ ಪತ್ತೇದಾರಿ ಕಚೇರಿ ಇಟ್ಟುಕೊಂಡಿದ್ದೇನೆ. ಹೆಚ್ಚಾಗಿ ಬರುವವರು ಹೆಣ್ಣಿನ ಕಡೆಯವರು, ವರ ಹೇಗಿದ್ದಾನೆ ನೋಡಿ ಹೇಳಿ ಎಂದು. ಇದ್ದದ್ದು ಇದ್ದ ಹಾಗೆ ಹೇಳಿದರೆ ಮುಖ ಸಿಂಡರಿಸಿಕೊಂಡು ಹೋಗುತ್ತಾರೆ. ಅದಕ್ಕೇ ಊರಲ್ಲಿ ನನಗೆ ಕೆಟ್ಟ ಬಾಯಿಯವಳೆಂದು ಹೆಸರು. ಗೌಹರಬೇಗಂ ಬಂದದ್ದು ಬಹುಶಃ ಆ ಹೆಸರು ಕೇಳಿಯೇ.

ಅವತ್ತು ಮಧ್ಯಾಹ್ನ ಸುರಪುರದ ಕೋರ್ಟಿನಲ್ಲಿ ಮನ್ಸೂರಅಲಿಯ ಜಾಮೀನು ಅರ್ಜಿ ಬರುವುದಿತ್ತು. ಅವನು ಜೈಲಿನಲ್ಲಿದ್ದಾಗಲೂ ಇದೇ ಲೈನಿನಿಂದ ದಾಳಿ ನಡೆದಿದೆ ಎಂದು ತೋರಿಸಿದರೆ ಮನೆಗೆ ಬರುತ್ತಾನೆ. ತೋರಿಸದಿದ್ದರೆ ಒಂದು ಸಾವನ್ನು ತಲೆಯ ಮೇಲೆ ಹೊತ್ತು ಒಳಗೇ ಕೊಳೆಯುತ್ತಾನೆ.

ಇಂಥ ದಾಳಿ ಹೇಗೆ ನಡೆಯುತ್ತದೆಂದು ನನಗೆ ತಿಳಿಸಿಕೊಟ್ಟವನು ಚೇತನಕುಮಾರ, ಕೇಂದ್ರದ ವೆಬ್‌ಸೈಟ್ ಕಾಯುವ ಎಂಜಿನಿಯರ್. ಕೂರುವುದು ಯಾದಗಿರಿಯಲ್ಲಿ. ದಾಳಿ ಮಾಡುವವನು ಎಲ್ಲೋ ಕುಳಿತಿರುತ್ತಾನಂತೆ. ಜನರ ಮನೆಗಳಲ್ಲಿ ಹಗಲಿರುಳು ಉರಿಯುವ ಅಗ್ಗದ ಟಿ.ವಿ. ಡಬ್ಬಿಗಳು, ಬಾಗಿಲ ಕ್ಯಾಮೆರಾಗಳು ಇರುತ್ತವಲ್ಲ, ಅವುಗಳೊಳಗೆ ಹೊಕ್ಕು ಅವುಗಳ ಕೈಯಿಂದ ಕೆಲಸ ಮಾಡಿಸುತ್ತಾನೆ. ವೆಬ್‌ಸೈಟಿಗೆ ಕಾಣುವುದು ರಂಗಂಪೇಟೆಯ ಯಾವುದೋ ಮನೆ. ಕಳ್ಳ ಮನೆಯವರ ಮುಖ ಹಾಕಿಕೊಂಡು ಬರುತ್ತಾನೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಅಂಥ ಡಬ್ಬಿ ಈ ಮನೆಯಲ್ಲಿ ಇದ್ದೀತು ಎಂದು ನಾನು ಬಂದಿದ್ದೆ. ಕ್ಯಾಮೆರಾ ಇಲ್ಲ. ಫೋನು, ಲ್ಯಾಪ್‌ಟಾಪ್ ಎಲ್ಲ ಪೊಲೀಸರು ಒಯ್ದಿದ್ದರು. ಗೌಹರಬೇಗಂ ಹತ್ತಿರ ಇದ್ದದ್ದು ಬಟನ್ನಿನ ಹಳೇ ಫೋನು. ಟಿ.ವಿ. ಸೂತಕದಲ್ಲಿ ಮಲಗಿತ್ತು.

ಆದರೆ ಗೂಡಿನಲ್ಲಿಟ್ಟಿದ್ದ ಇಂಟರ್‌ನೆಟ್ ರೌಟರಿನ ಹಸಿರು ದೀಪ ಪಟಪಟ ಮಿನುಗುತ್ತಿತ್ತು.

“ಈಗ ಈ ಮನ್ಯಾಗ ಇಂಟರ್‌ನೆಟ್ ಯಾರು ಬಳಸಾಕತ್ತಾರ?” ಎಂದೆ.

“ಯಾರೂ ಇಲ್ರಿ.”

“ಮತ್ತ ಆ ದೀಪ ಯಾಕ ಹಂಗ ಕುಣ್ಯಾಕತ್ತದ?”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

ರೌಟರಿನಿಂದ ಎರಡು ತಂತಿ ಹೊರಟಿದ್ದವು. ಒಂದು ಕಂಬದ ಕಡೆಗೆ. ಇನ್ನೊಂದು ಕಿಟಕಿಯ ಜಾಲರಿ ತೂರಿ ಹಿತ್ತಲಿಗೆ. ನಾನು ಅದರ ಬೆನ್ನು ಹತ್ತಿದೆ. ನೀರಿನ ಟಾಕಿಯ ಪಕ್ಕದಲ್ಲಿ ಹಾದು, ಪರ್ಸಿಕಲ್ಲಿನ ಗೋಡೆ ಏರಿ, ಗಾಳಿಗೆ ಹಾರದಂತೆ ಮೇಲೊಂದು ಇಟ್ಟಿಗೆ ಹೇರಿಸಿಕೊಂಡು, ತಂತಿ ಆಚೆ ಮನೆಗೆ ಇಳಿದಿತ್ತು.

ಈ ಓಣಿಗಳಲ್ಲಿ ಇದೇನೂ ಹೊಸದಲ್ಲ. ಗೋಡೆಯ ಮೇಲಿಂದ ಮೊಸರು ಹೋಗುತ್ತದೆ, ಕರಿಬೇವು ಬರುತ್ತದೆ, ಈಗ ಇಂಟರ್‌ನೆಟ್ಟೂ ಹೋಗುತ್ತದೆ. ಪೊಲೀಸರು ಒಮ್ಮೆ ಹಿತ್ತಲಿಗೆ ಬಂದಿದ್ದರೆ ಸಾಕಿತ್ತು. ಅವರು ಮುಂಬಾಗಿಲಿನಿಂದ ಬಂದು ಮುಂಬಾಗಿಲಿನಿಂದಲೇ ಹೋಗಿದ್ದರು.

“ಆ ಮನಿ ಯಾರದು?”

“ಭಾಗಮ್ಮಕ್ಕಂದು,” ಎಂದಳು ಗೌಹರಬೇಗಂ, ದನಿ ತಗ್ಗಿಸಿ. “ಹಂಪಣ್ಣ ಕಾಕಾಗ ಮಲಗಿ ಮಲಗಿ ಹೊತ್ತು ಹೋಗಂಗಿಲ್ಲ ಅಂತ ನಮ್ಮ ಮನಿಯವ್ರ ತಂತಿ ಎಳದು ಕೊಟ್ಟಿದ್ರು.”

ಪಾಳಿ ಸಿಗದೆ ಸತ್ತವನ ಹೆಸರು ಹಂಪಣ್ಣ.

“ಇದನ್ನ ಪೊಲೀಸರಿಗಿ ಯಾಕ ಹೇಳ್ಲಿಲ್ಲ?”

“ಹ್ಯಾಂಗ ಹೇಳ್ಲಿ ಅಕ್ಕಾರ? ಗಂಡನ್ನ ಮಣ್ಣು ಮಾಡಿ ಬಂದಾಕಿ. ಆಕಿ ಮುಂದ ಹೋಗಿ, ನಿನ್ನ ಗಂಡನ್ನ ಕೊಂದದ್ದು ನಿನ್ನ ಮನ್ಯಾಗಿಂದನ ಹೋಗ್ಯಾದ ಅಂತ ಹೇಳ್ಬೇಕಾ? ಆಕಿ ಮನಿಗಿ ಪೊಲೀಸರನ್ನ ಕಳಿಸ್ಬೇಕಾ? ಇವ್ರು ಜೀಪ್ ಹತ್ತುಮುಂದ ಒಂದ ಮಾತು ಹೇಳಿದ್ರು. ಆ ಮನಿ ಹೆಸರು ತೆಗೀಬ್ಯಾಡ ಅಂತ.”

“ಭಾಗಮ್ಮ ನಿಮ್ಮ ಕೂಡ ಮಾತಾಡ್ತಾಳ?”

“ನನ್ನ ಮಾರಿ ನೋಡಂಗಿಲ್ಲ. ನಿನ್ನ ಗಂಡ ನನ್ನ ಗಂಡನ್ನ ತಿಂದ ಅಂತಾಳ.”

“ಅಂದ್ರೂ ತಂತಿ ಕಿತ್ತಿಲ್ಲ.”

“ಕೊಟ್ಟದ್ದು ಹ್ಯಾಂಗ ಕೀಳೋದ್ರಿ.”

ನನಗೆ ಸಿಟ್ಟು ಬಂತು. ಅವಳ ಮೇಲೂ, ಜೈಲಿನಲ್ಲಿ ಬಾಯಿ ಹೊಲಿದುಕೊಂಡು ಕೂತಿರುವ ಅವಳ ಗಂಡನ ಮೇಲೂ. ಮರ್ಯಾದಸ್ಥರು ಪೊಲೀಸರ ಕೆಲಸವನ್ನು ಎಷ್ಟು ಹಗುರ ಮಾಡಿಕೊಡುತ್ತಾರೆ ನೋಡಿ.

ಈಗ ನನಗೆ ಬೇಕಾದವನು ವಿಶ್ವರಾಧ್ಯ. ಸುರಪುರ, ರಂಗಂಪೇಟೆಗೆಲ್ಲ ಇಂಟರ್‌ನೆಟ್ ಹಂಚುವವನು ಅವನೇ. ಪೊಲೀಸರಿಗೆ ಮನ್ಸೂರಅಲಿಯ ಹೆಸರು ಕೊಟ್ಟವನೂ ಅವನೇ.

ಅವನ ಕಚೇರಿ ಸುರಪುರದ ಬಜಾರದಲ್ಲಿ. ಹಣೆತುಂಬ ವಿಭೂತಿ, ಮೇಜಿನ ಮೇಲೆ ಕೂಲರಿನ ಗಾಳಿಗೆ ಹಾರುವ ಕಾಗದಗಳು. ನನ್ನನ್ನು ನೋಡಿದ ಕೂಡಲೇ ಚಹಾ ತರಿಸಿದ. ಚಹಾ ಬೇಗ ತರಿಸುವವರ ಬಗ್ಗೆ ನನಗೆ ಯಾವಾಗಲೂ ಅನುಮಾನ.

“ಪೊಲೀಸರು ನಿಮಗ ಒಂದು ಇಂಟರ್‌ನೆಟ್ ವಿಳಾಸ ಕೊಟ್ಟು, ಇದು ಯಾರದು ಅಂತ ಕೇಳಿದ್ರಲ್ಲ,” ಎಂದೆ. “ಆ ಒಂದು ವಿಳಾಸದ ಹಿಂದ ಎಷ್ಟು ಮನಿ ಅವ?”

“ಅದು ಟೆಕ್ನಿಕಲ್ ವಿಷಯ ಮೇಡಮ್.”

“ಟೆಕ್ನಿಕಲ್ಲಾಗೇ ಹೇಳ್ರಿ.”

ಅವನು ಕುರ್ಚಿಯಲ್ಲಿ ಸರಿದು ಕೂತ. “ಇಡೀ ರಂಗಂಪೇಟಿ ಅದ. ಎಲ್ಲಾ ಮನೀಗೂ ಬ್ಯಾರೆ ಬ್ಯಾರೆ ವಿಳಾಸ ಎಲ್ಲಿಂದ ತರ್ಲಿ? ಹೊರಗಿನವ್ರಿಗಿ ಎಲ್ಲಾ ಮನಿ ಒಂದ ಬಾಗಲದಾಗಿಂದ ಬಂದಂಗ ಕಾಣ್ತಾವ. ಯಾವ ಮನಿ ಅಂತ ನನಗಷ್ಟ ಗೊತ್ತಾಗ್ತದ.”

“ಕೇಂದ್ರದ ವೆಬ್‌ಸೈಟಿಗಿ ಹೋಗಿದ್ದು ಒಂದ ಮನೀದಾ?”

“ಮನ್ಸೂರಅಲಿ ಲೈನಿನ್ಯಾಗ ಓಡಾಟ ಭಾಳ ಇತ್ತು.”

“ಅದನ್ನಲ್ಲ ನಾ ಕೇಳಿದ್ದು.”

ಅವನು ಚಹಾದ ಕಪ್ಪು ತಿರುಗಿಸಿದ. “ಬ್ಯಾರೆ ಮನೀಗೋಳದೂ ಇತ್ತು.”

“ಆ ಹೆಸರೆಲ್ಲಾ ಕೊಟ್ರಾ?”

“ಎಲ್ಲಾ ಕೊಟ್ರ ನಾಳಿ ಊರಾಗ ನನ್ನ ಕನೆಕ್ಷನ್ ಯಾರು ತೊಗೋತಾರ? ಸಾಹೇಬ್ರು ಹೆಸರು ಕೇಳಿದ್ರು. ಒಂದು ಕೊಟ್ಟೆ.”

“ಅದೇ ಹೆಸರು ಯಾಕ?”

“ನೀವೂ ಈ ನಾಡಿನವ್ರ ಅದೀರಿ. ನನ್ನ ಬಾಯಿಲೇ ಯಾಕ ಹೇಳಸ್ತೀರಿ?”

“ನಿಮ್ಮ ಬಾಯಿಲೇ ಕೇಳಬೇಕು ಅಂತನ ಬಂದೀನಿ.”

ವಿಶ್ವರಾಧ್ಯ ಬಾಗಿಲ ಕಡೆ ನೋಡಿ, ನಂತರ ನನ್ನ ಕಡೆ ನೋಡಿದ. ಅವನ ದನಿಯಲ್ಲಿ ನಾಚಿಕೆ ಇರಲಿಲ್ಲ. ಬೇಸರವಿತ್ತು ಅಷ್ಟೆ.

“ಬ್ಯಾರೆ ಯಾವ ಹೆಸರು ಕೊಟ್ಟಿದ್ರೂ ಸಾಹೇಬ್ರು ಇಲ್ಲೇ ಕುಂತು ನೂರು ಪ್ರಶ್ನಿ ಕೇಳ್ತಿದ್ರು. ಲೈನ್ ಹೆಂಗ, ಮನ್ಯಾಗ ಯಾರ್‍ಯಾರು, ತಪ್ಪಾಗಿರಬಹುದಾ ಅಂತ. ಈ ಹೆಸರು ಕೇಳಿದ ಮ್ಯಾಲ ಚಾ ಸುದ್ದಾ ಕುಡೀಲಿಲ್ಲ. ಎದ್ದು ಹೋದ್ರು.”

ಕೂಲರು ಗೊರಗೊರ ಎನ್ನುತ್ತಿತ್ತು. ನನ್ನೆದುರಿನ ಚಹಾವನ್ನು ಪಕ್ಕಕ್ಕೆ ಸರಿಸಿದೆ. ಅವನು ಸುಳ್ಳು ಹೇಳಿದ್ದರೆ ಬೈಯಬಹುದಿತ್ತು. ಅವನು ಹೇಳಿದ್ದು ನಿಜ, ಅದು ನಿಜವೆಂದು ನನಗೂ ಗೊತ್ತು.

“ಈಗ ಆ ಲೈನ್ ತೆಗದು ತೋರಸ್ರಿ,” ಎಂದೆ. “ಇಲ್ಲಂದ್ರ ಈ ಮಾತು ನೀವು ಕೋರ್ಟಿನ್ಯಾಗ ನಿಂತು ಹೇಳ್ಬೇಕಾಗ್ತದ.”

ಅವನು ಕಂಪ್ಯೂಟರಿನ ಮುಂದೆ ಬಾಗಿದ. ಪರದೆಯ ಮೇಲೆ ಮನೆಗಳ ಸಾಲು. ಮನ್ಸೂರಅಲಿಯ ಹೆಸರಿನೆದುರು ಗೆರೆಯೊಂದು ಏರಿಳಿಯುತ್ತ ಓಡುತ್ತಿತ್ತು. ಈಗ, ನನ್ನ ಕಣ್ಣೆದುರಿಗೆ.

“ಜೇಲಿನ್ಯಾಗ ಕುಂತು ಅಂವ ಇದನ್ನ ಹ್ಯಾಂಗ ಮಾಡಾಕತ್ತಾನ ವಿಶ್ವರಾಧ್ಯಾರ?”

ವಿಶ್ವರಾಧ್ಯ ಹಣೆ ಒರೆಸಿಕೊಂಡ. ವಿಭೂತಿ ಅರ್ಧ ಕೈಗೆ ಬಂತು.

ಆದರೆ ಇದು ಅರ್ಧ ಸಾಕ್ಷಿ. ಲೈನಿನಿಂದ ಏನೋ ಹೊರಡುತ್ತಿದೆ ಎಂದು ಈ ಪರದೆ ಹೇಳುತ್ತದೆ. ಅದು ಡಯಾಲಿಸಿಸ್ ಕೇಂದ್ರದ ಬಾಗಿಲನ್ನೇ ಬಡಿಯುತ್ತಿದೆ ಎಂದು ಹೇಳಬಲ್ಲವನು ಚೇತನಕುಮಾರ. ಅಲ್ಲಿಂದಲೇ ಫೋನು ಹಚ್ಚಿದೆ.

“ಮೇಡಮ್, ಊಟ ಆತೇನ್ರಿ?” ಎಂದ. ಅವನ ಮೊದಲ ಮಾತು ಯಾವಾಗಲೂ ಇದೇ, ಊಟದ ಹೊತ್ತಿರಲಿ ಬಿಡಲಿ. ಮೆತ್ತಗಿನ ದನಿ, ತುಸು ಮೂಗಿನಲ್ಲಿ ಹೊರಡುವಂಥದು.

“ರಂಗಂಪೇಟಿ ವಿಳಾಸದಿಂದ ಈಗೂ ಬರಾಕತ್ತದೇನ್ರಿ?”

“ಬರಾಕತ್ತದ್ರಿ. ಮಂದಿ ಯಾರು, ಯಂತ್ರ ಯಾವುದು ಅಂತ ಈಗ ಗುರುತು ಸಿಕ್ಕದ. ಖರೇ ಪೇಷಂಟ್ ಇದ್ರ ಮೊದ್ಲ ಪುಟ ತೆಗೀತಾನ, ಓದ್ತಾನ, ನಂಬರ್ ತಪ್ಪು ಒತ್ತಿ ಮತ್ತ ತಿದ್ತಾನ. ಇವು ಸೀದಾ ಪಾಳಿ ಪುಟಕ್ಕ ಬಂದು ತಡೀಲಾರ್ದ ತುಂಬಿ ಹೋಗ್ತಾವ. ವಿಳಾಸನ ಬಂದ್ ಮಾಡಿದ್ರ ಊರ ಮಂದಿಗೂ ಬಾಗಲ ಹಾಕಿದಂಗ ಆಗ್ತದ. ಈ ನಡತಿ ನೋಡಿ ಬಂದ್ ಮಾಡಬಹುದ್ರಿ.”

“ಮಾಡ್ರಿ. ಒಂದನ್ನೂ ಒಳಗ ಬಿಡಬ್ಯಾಡ್ರಿ. ಆದ್ರ ಬಾಗಲಿಗಿ ಬಂದು ಬಡದದ್ದು ಎಲ್ಲಾ ದಾಖಲಾಗಿರ್ಲಿ. ಮಧ್ಯಾಹ್ನ ವಕೀಲರಿಗಿ ಬೇಕು.”

“ಆತ್ರಿ,” ಎಂದ. ಆಮೇಲೆ, ಏನೋ ಮಾಮೂಲಿ ಮಾತೆಂಬಂತೆ, “ಯಂತ್ರ ಯಾವ ಮನ್ಯಾಗ ಅದ ಅಂತ ಗೊತ್ತಾತೇನ್ರಿ?”

“ತೀರಿಹೋದ ಹಂಪಣ್ಣನ ಮನ್ಯಾಗ. ಈಗ ಅಲ್ಲಿಗೇ ಹೊಂಟೀನಿ.”

ನಾನೇ, ನನ್ನ ಬಾಯಾರೆ ಹೇಳಿದೆ.

ಭಾಗಮ್ಮ ಬಾಗಿಲು ತೆರೆದು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಅತ್ತು ಅತ್ತು ಕಣ್ಣು ಬತ್ತಿಹೋಗಿದ್ದವು.

“ನೀವು ಆಕಿ ಕಡೀದವ್ರು. ಮುಂಜಾನಿ ಆಕಿ ಹಿತ್ತಲದಾಗ ನಿಂತಿದ್ದು ನೋಡೇನಿ. ಹೋಗ್ರಿ.”

“ಹೋಗ್ತೀನಿ. ಒಂದ ಪ್ರಶ್ನಿ ಕೇಳಿ ಹೋಗ್ತೀನಿ.”

ಒಳಗೆ ಹಂಪಣ್ಣನ ಫೋಟೋ, ಅದರ ಮುಂದೆ ವಿಭೂತಿ, ಬಿಲ್ವಪತ್ರೆ. ಕೋಣೆಯ ಇನ್ನೊಂದು ಮೂಲೆಯಲ್ಲಿ ಟಿ.ವಿ. ಸಣ್ಣ ದನಿಯಲ್ಲಿ ತನ್ನಷ್ಟಕ್ಕೆ ಮಾತಾಡುತ್ತಿತ್ತು. ಅದರ ಕೆಳಗೆ ಅಂಗೈಯಷ್ಟು ಕರಿ ಡಬ್ಬಿ, ನೀಲಿ ದೀಪ.

“ಆ ಡಬ್ಬಿ ಎಲ್ಲಿಂದ ಬಂತು?”

“ಕೇಂದ್ರದವ್ರ ಕೊಟ್ರು. ಡಯಾಲಿಸಿಸ್ಸಿಗಿ ಬರೋ ಮಂದಿಗೆಲ್ಲಾ ಒಂದೊಂದು ಕೊಟ್ಟಾರ. ಮನ್ಯಾಗ ಮಲಗಿದ್ರ ಬ್ಯಾಸರ ಆಗಬಾರ್ದಂತ.”

ಬರುವ ಮಂದಿಗೆಲ್ಲ. ಅಂದರೆ ಪಾಳಿಗಾಗಿ ಕಾಯುವ ಒಂದೊಂದು ಮನೆಯಲ್ಲೂ ಒಂದೊಂದು.

“ಯಾರು ಬಂದು ಹಚ್ಚಿಕೊಟ್ರು?”

“ಒಬ್ಬ ಎಂಜಿನಿಯರ್. ಭಾಳ ಛಂದ ಮಾತಾಡ್ತಾನ, ದೊಡ್ಡವ್ವ ದೊಡ್ಡವ್ವ ಅಂತಾನ. ಟಿ.ವಿ. ಆರಿಸಿದ್ರೂ ಡಬ್ಬಿ ಆರಿಸಬ್ಯಾಡ್ರಿ, ಕೆಟ್ಟುಹೋಗ್ತದ ಅಂದ. ಒಂದ ದಿನಾನೂ ಆರಿಸಿಲ್ಲ. ಇವ್ರು ಹೋದ ಮ್ಯಾಲೂ ಆರಿಸಿಲ್ಲ. ಮನ್ಯಾಗ ಒಂದು ದನಿ ಇರ್ಲಿ ಅಂತ.”

ಹೇಳದೆ ಬೇರೆ ದಾರಿ ಇರಲಿಲ್ಲ. ಹೇಳಿದೆ. ತಂತಿ ಎಲ್ಲಿಂದ ಬಂದಿದೆ, ಡಬ್ಬಿ ಏನು ಮಾಡುತ್ತದೆ, ಪಾಳಿಗಳು ಹೇಗೆ ಹುಸಿ ಹೆಸರುಗಳಿಂದ ತುಂಬಿಹೋಗುತ್ತಿದ್ದವು, ಎಲ್ಲ. ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಆದರೂ ಪ್ರಯತ್ನ ಮಾಡಿದೆ.

ಭಾಗಮ್ಮ ನೆಲದ ಮೇಲೆ ಕೂತುಬಿಟ್ಟಳು. ಬಹಳ ಹೊತ್ತು ಡಬ್ಬಿಯನ್ನೇ ನೋಡಿದಳು.

“ಅವತ್ತು ಇದ ಜಾಗಾದಾಗ ಕುಂತಿದ್ದೆ,” ಎಂದಳು. “ಫೋನ್ ಹಿಡಕೊಂಡು ಒತ್ತೀನಿ, ಒತ್ತೀನಿ, ಪಾಳಿ ಇಲ್ಲ, ಪಾಳಿ ಇಲ್ಲ ಅಂತ ಬರ್ತಿತ್ತು. ಇವ್ರು ಉಸಿರು ಎಳೀಲಾಕ ಒದ್ದಾಡಾಕತ್ತಿದ್ರು. ಇದು ನನ್ನ ಬಾಜೂಕನ ಇತ್ತು.”

ಅವಳು ಹಿತ್ತಲ ಗೋಡೆಯ ಕಡೆ ತಿರುಗಿದಳು.

“ಗೌಹರಗ ಇದು ಗೊತ್ತಿತ್ತೇನು?”

“ಡಬ್ಬಿ ವಿಷಯ ಗೊತ್ತಿಲ್ಲ. ತಂತಿ ಇಲ್ಲಿಗಿ ಬಂದದ್ದು ಗೊತ್ತಿತ್ತು. ಪೊಲೀಸರ ಮುಂದ ನಿಮ್ಮ ಹೆಸರು ಹೇಳ್ಲಿಲ್ಲ. ಆಕಿ ಗಂಡನೂ ಹೇಳ್ಲಿಲ್ಲ.”

ಅವಳ ಮುಖ ಆಗ ಹೇಗಾಯಿತೆಂದು ಬರೆಯಲು ನನಗೆ ಇಷ್ಟವಿಲ್ಲ. ಒಂದು ವಾರ ಗೋಡೆಯಾಚೆ ಹಾಕಿದ ಶಾಪವೆಲ್ಲ ತಿರುಗಿ ಅವಳ ಮಡಿಲಿಗೇ ಬಿದ್ದಿತ್ತು.

ನಾನು ಬಾಗಿ ಡಬ್ಬಿಯ ವೈರುಗಳನ್ನು ಬಿಡಿಸತೊಡಗಿದೆ. ಅಷ್ಟರಲ್ಲಿ ಫೋನು ಬಂತು. ಕೈ ಖಾಲಿ ಇರಲಿಲ್ಲ, ಫೋನನ್ನು ನೆಲದ ಮೇಲಿಟ್ಟು ಸ್ಪೀಕರ್ ಒತ್ತಿದೆ.

“ಮೇಡಮ್, ಎಲ್ಲಾ ಬಂದ್ ಮಾಡೇನ್ರಿ,” ಎಂದ ಚೇತನಕುಮಾರ. “ಈಗ ಒಂದೂ ಬರವಲ್ದು.”

“ದಾಖಲಿ?”

“ಅದ ಒಂದು ತಪ್ಪಾತ್ರಿ. ಬಂದ್ ಮಾಡುಮುಂದ ಹಿಂದಿನದೆಲ್ಲಾ ಅಳಿಸಿಹೋಗ್ಯಾದ. ಈ ವಾರದ್ದು ಏನೂ ಉಳದಿಲ್ರಿ.”

ನನ್ನ ಕೈ ನಿಂತಿತು. ದಾಖಲೆ ಇಲ್ಲ. ದಾಳಿಯೂ ನಿಂತಿತು. ಮಧ್ಯಾಹ್ನ ಸರ್ಕಾರಿ ವಕೀಲರು ಎದ್ದು ನಿಂತು, ಆರೋಪಿ ಒಳಗೆ ಹೋದ, ದಾಳಿ ನಿಂತಿತು, ಇನ್ನೇನು ಬೇಕು ಎನ್ನುತ್ತಾರೆ. ಮನ್ಸೂರಅಲಿಯ ಪಾಲಿಗೆ ಉಳಿದ ಸಾಕ್ಷಿ ನನ್ನ ಕೈಯಲ್ಲಿರುವ ಈ ಡಬ್ಬಿ ಒಂದೇ.

ಭಾಗಮ್ಮ ನನ್ನ ಮೊಣಕೈ ಹಿಡಿದಳು. ಫೋನಿನ ಕಡೆ ಬೆರಳು ತೋರಿಸಿ, ನಂತರ ಡಬ್ಬಿಯ ಕಡೆ ತೋರಿಸಿದಳು. ದನಿ ಹೊರಡಿಸದೆ ತುಟಿಯಲ್ಲೇ ಹೇಳಿದಳು: ಇವನ ಆ ಎಂಜಿನಿಯರ್.

ಆಗಲೇ ಫೋನಿನೊಳಗಿಂದ ಸ್ಪೀಕರ್ ಕಟ್ಟಿದ ಗಾಡಿಯ ಕೂಗು ಕೇಳಿಸಿತು. “ಉಳ್ಳಾಗಡ್ಡಿ, ಬಟಾಟಿ, ಬಳ್ಳೊಳ್ಳಿ.” ಅದರ ಬೆನ್ನಿಗೇ, ತೆರೆದ ಕಿಟಕಿಯಿಂದ, ನಮ್ಮ ಓಣಿಯ ತುದಿಯಿಂದ, ಅದೇ ಕೂಗು.

“ಚೇತನಕುಮಾರ, ಎಲ್ಲಿ ಅದೀರಿ?” ಎಂದೆ.

“ಯಾದಗಿರ್‍ಯಾಗನ ಅದೀನ್ರಿ. ಆಫೀಸಿನ್ಯಾಗ,” ಎಂದು ಫೋನು ಇಟ್ಟ.

ಕಾವಲು ಕೂತವನೇ ಕನ್ನ ಯಾಕೆ ಕೊರೆದ? ಯಾರಿಗಾಗಿ? ನನಗೆ ಗೊತ್ತಿರಲಿಲ್ಲ, ಯೋಚಿಸುವ ಪುರುಸೊತ್ತೂ ಇರಲಿಲ್ಲ. ಮುಂಬಾಗಿಲಿನಿಂದ ಹೊರಟರೆ ಓಣಿಯಲ್ಲೇ ಎದುರಾಗುತ್ತಾನೆ.

ಭಾಗಮ್ಮ ನನ್ನ ಕೈಯಿಂದ ಡಬ್ಬಿ ಕಸಿದುಕೊಂಡಳು. ನೆಲಕ್ಕೆ ಅಪ್ಪಳಿಸುತ್ತಾಳೆಂದೇ ನಾನು ತಿಳಿದೆ, ತಡೆಯಲು ಅಡ್ಡ ನಿಂತೆ. ಅವಳು ನನ್ನನ್ನು ಸರಿಸಿ, ಮೊಳೆಗೆ ತೂಗುಬಿಟ್ಟಿದ್ದ ಹಂಪಣ್ಣನ ಟವೆಲ್ ತೆಗೆದು ಅದರಲ್ಲಿ ಡಬ್ಬಿ ಸುತ್ತಿದಳು. ಸೀದಾ ಹಿತ್ತಲಿಗೆ ನಡೆದು, ಗೋಡೆಯ ಬುಡದ ಕಲ್ಲು ಹತ್ತಿದಳು.

“ಗೌಹರಾ,” ಎಂದು ಕರೆದಳು.

ಆಚೆ ಬಟ್ಟೆ ಒಗೆಯುವ ಸಪ್ಪಳ ನಿಂತಿತು.

“ಗೌಹರಾ, ಇದನ್ನ ತೊಗೊ. ಕೋರ್ಟಿಗಿ ಒಯ್ಯಿ, ನಿಮ್ಮ ವಕೀಲನ ಕೈಯಾಗ ಕೊಡು. ಬ್ಯಾರೆ ಯಾರಿಗೂ ಕೊಡಬ್ಯಾಡ. ನಾ ಹಿಂದಲೇ ಬರ್ತೀನಿ. ಇದು ನನ್ನ ಮನ್ಯಾಗಿಂದು ಅಂತ ನಾನ ಹೇಳ್ತೀನಿ.”

ಗೋಡೆಯ ಮೇಲೆ ಸಾಬೂನಿನ ನೊರೆ ಹತ್ತಿದ ಎರಡು ಕೈ ಕಾಣಿಸಿದವು. ತಂತಿಯ ಪಕ್ಕದಲ್ಲೇ, ಇಟ್ಟಿಗೆಯ ಮೇಲಿಂದ, ಟವೆಲ್ಲಿನ ಗಂಟು ಆಚೆ ಇಳಿಯಿತು.

ಭಾಗಮ್ಮ ಒಳಗೆ ಬಂದು, ಡಬ್ಬಿ ಇದ್ದ ಜಾಗದಲ್ಲಿ ಊದಿನಕಡ್ಡಿಯ ಪೆಟ್ಟಿಗೆಯಿಟ್ಟು ಮೇಲೊಂದು ಬಟ್ಟೆ ಹೊದಿಸಿದಳು. ಪಕ್ಕದ ಮನೆಯ ಬಾಗಿಲಿಗೆ ಬೀಗ ಬೀಳುವ ಸದ್ದಿಗೆ ಇಬ್ಬರೂ ಕಿವಿಗೊಟ್ಟು ಕೂತೆವು. ಕೋರ್ಟಿಗೆ ಹೋಗಲು ಗೌಹರಬೇಗಂಗೆ ಇದೇ ಓಣಿ, ಬೇರೆ ದಾರಿಯಿಲ್ಲ. ಅವನು ಇಲ್ಲಿ ಒಳಗಿರುವಷ್ಟು ಹೊತ್ತು ಮಾತ್ರ ಅವಳಿಗೆ ದಾರಿ ತೆರೆದಿರುತ್ತದೆ. ಅವಳು ಬೀಗ ಹಾಕಿ ಓಣಿ ದಾಟುವ ತನಕ ಅವನನ್ನು ಇಲ್ಲೇ ಮಾತಿನಲ್ಲಿ ಹಿಡಿದಿಡಬೇಕು.

ಬೀಗದ ಸದ್ದು ಇನ್ನೂ ಬಂದಿರಲಿಲ್ಲ. ನಮ್ಮ ಬಾಗಿಲಿನ ಚಿಲಕ ಅಲುಗಿತು.

“ದೊಡ್ಡವ್ವ, ಊಟ ಆತೇನ್ರಿ?”

ಈ ಸಲ ಆ ದನಿ ಫೋನಿನಿಂದ ಬಂದಿರಲಿಲ್ಲ.